ಬಿಲ್ ಮೇಲಿನ ಸಹಿ

ನಮ್ಮ ಆಫೀಸಿನ ಅಕೌಂಟ್ಸ್ ಮೇಡಂ ಕೊಟ್ಟ ದೂರಿನ ತನಿಖೆಗೆ ಸೋಮವಾರ ಹೆಡ್ ಆಫೀಸಿನಿಂದ ಇಬ್ಬರು ಬಂದಿದ್ದರು. ಆ ಇಬ್ಬರು ಮೇಡಂನ ಒಳಗೆ ಕರೆದು ಮೊದಲು ಕೇಳಿದ್ದು, "ನಿಮಗೆ ಇದನ್ನೆಲ್ಲ ಯಾರು ಹೇಳಿಕೊಟ್ರು?" ಅಂತ. ದುಡ್ಡು ಎಲ್ಲಿ ಹೋಯಿತು ಅಂತ ಕೇಳಲೇ ಇಲ್ಲವಂತೆ. ನನಗೆ ತುಂಬಾ ಬೇಸರವಾಯಿತು.

ನಮ್ಮಲ್ಲಿ ಹೌಸ್‌ಕೀಪಿಂಗ್‌ನವರೆಲ್ಲ ಕಂಟ್ರಾಕ್ಟರ್ ಕಡೆಯವರು. ಪ್ರತಿ ತಿಂಗಳೂ ಅವರ ಸಂಬಳದಲ್ಲಿ ಪಿಎಫ್‌ಗೆ ಅಂತ ಶೇ. 12ರ ಲೆಕ್ಕದಲ್ಲಿ ಹಿಡಿಯುತ್ತಾರೆ. ಅವರಲ್ಲೊಬ್ಬ ಆಯಮ್ಮನಿಗೆ ಗಂಡನ ಆಪರೇಷನ್‌ಗೆ ಹಣ ಬೇಕಾಯಿತು. "ನನ್ನ ಪಿಎಫ್ ಎಷ್ಟಿದೆ ನೋಡಿ ಮೇಡಂ" ಅಂತ ಮೊಬೈಲ್ ಕೊಟ್ಟರು. ಕಳೆದ ವರ್ಷದಿಂದ ಪಾಸ್‌ಬುಕ್‌ಗೆ ಒಂದು ರೂಪಾಯಿಯೂ ಬಿದ್ದಿರಲಿಲ್ಲ! ಮೇಡಂ ಕಂಟ್ರಾಕ್ಟರ್ ಕೊಟ್ಟಿದ್ದ ಹಳೇ ಬಿಲ್‌ಗಳನ್ನು ತೆಗೆಸಿದರು. ಬಿಲ್ ಜೊತೆ ಪಿಎಫ್ ಕಟ್ಟಿದ ಚಲನ್ ಇರಬೇಕು. ಅಲ್ಲಿದ್ದದ್ದು ಒಂದೇ ಚಲನ್‌ನ ಜೆರಾಕ್ಸ್‌ಗಳು, ತಿಂಗಳು ಮಾತ್ರ ತಿದ್ದಿದ್ದು.

ಮ್ಯಾನೇಜರ್‌ಗೆ ಹೇಳಿದರೆ, "ಅದು ಕಂಟ್ರಾಕ್ಟರ್ ತಲೆನೋವು, ನಮಗ್ಯಾಕೆ?" ಅಂದರಂತೆ. ಬರೆದುಕೊಟ್ಟರೂ ಉತ್ತರ ಬರಲಿಲ್ಲ. ಆಮೇಲೇ ಹೆಡ್ ಆಫೀಸಿಗೆ ಬರೆದದ್ದು. ಈಗ ಕ್ಯಾಂಟೀನಿನಲ್ಲಿ ಒಂದೇ ಮಾತು, ಪ್ರಮೋಷನ್ ಸಿಗದ ಸಿಟ್ಟು ತೀರಿಸಿಕೊಂಡರು ಅಂತ. ಹಾಗೆ ಹೇಳಿದವರೊಬ್ಬರು ಆ ಆಯಮ್ಮನೇ ತಂದುಕೊಟ್ಟ ಟೀ ಕುಡಿಯುತ್ತಿದ್ದರು. ಅಸಹ್ಯ ಅನ್ನಿಸಿತು.

ನಾನು ಮೇಡಂ ಹತ್ತಿರವೇ ಹೋಗಿ ಕೇಳಿದೆ, ಇಷ್ಟು ಧೈರ್ಯ ಎಲ್ಲಿಂದ ಬಂತು ಅಂತ.

"ಧೈರ್ಯ ಏನಿಲ್ಲ ಸರ್. ಬಿಲ್ ಮೇಲೆ ನನ್ನ ಸಹಿ ಇದೆ ಅಲ್ವಾ? ಆಯಮ್ಮ ದಿನಾ ನನ್ನ ಟೇಬಲ್ ಒರೆಸೋಕೆ ಬರ್ತಾರೆ. ಅವರ ಮುಖ ಹೇಗೆ ನೋಡ್ಲಿ?"

ಈ ಮಾತನ್ನು ವಾರವಿಡೀ ನೆನೆಯುತ್ತಿದ್ದೇನೆ. ಸಹಿ ನನ್ನದು, ನಷ್ಟ ಕಣ್ಣೆದುರಿಗಿರುವವರದು. ಇವೆರಡೂ ಸೇರಿದಾಗ ಸುಮ್ನೆ ಇರಲು ಆಗದವರು ಬಾಯಿ ಬಿಡುತ್ತಾರೆ. ಬಹುಮಾನ, ಹೆಸರು ಯಾವುದೂ ಅವರ ಲೆಕ್ಕದಲ್ಲಿರುವುದಿಲ್ಲ. ಪ್ರಮೋಷನ್ ಸಿಗದ ಸಿಟ್ಟು ಮೇಡಂಗೆ ಇತ್ತು ಅಂತಲೇ ಇಟ್ಟುಕೊಳ್ಳಿ. ಅದರಿಂದ ಸುಳ್ಳು ಚಲನ್ ನಿಜವಾಗುತ್ತದಾ? ದೂರು ಕೊಟ್ಟವರ ಮನಸ್ಸನ್ನು ಕೆದಕುವುದು ದೂರನ್ನು ಮುಚ್ಚುವ ಸುಲಭದ ದಾರಿ.

ಸತ್ಯೇಂದ್ರ ದುಬೆ ನೆನಪಾದರು. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಬರೆದ ಎಂಜಿನಿಯರ್. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು, ಗುಟ್ಟಾಗಿ ಉಳಿಯಲಿಲ್ಲ. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಎರಡು ವರ್ಷದ ನಂತರ ನಮ್ಮ ಕೆಜಿಎಫ್‌ನ ಹುಡುಗ, ಮೈಸೂರಿನಲ್ಲಿ ಓದಿದ, ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿಯಾಗಿದ್ದ ಮಂಜುನಾಥ್ ಷಣ್ಮುಗಂ. ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕ್ ಮುಚ್ಚಿಸಿದ್ದಕ್ಕೆ ಗುಂಡಿಕ್ಕಿ ಕೊಂದರು. ಆಗ ಅವನಿಗಿನ್ನೂ 27. ದೂರು ಕೊಟ್ಟವರ ರಕ್ಷಣೆಗೆ 2014ರಲ್ಲಿ ಕಾಯ್ದೆ ಪಾಸಾಯಿತು, ಆದರೆ ವರ್ಷಗಟ್ಟಲೆ ಜಾರಿಯಾಗದೆ ಹಾಗೇ ಬಿದ್ದಿತ್ತು. ಅದರಲ್ಲೂ ಹೆಸರಿಲ್ಲದ ದೂರಿಗೆ ಜಾಗವಿಲ್ಲ, ನಮ್ಮಂಥ ಖಾಸಗಿ ನೌಕರರಿಗೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಜನ ಬರೆಯುತ್ತಾರೆ. ಮೊದಲು ಒಳಗೇ ಹೇಳುತ್ತಾರೆ, ಸರಿಹೋಗಲಿ ಅಂತ. ನಮ್ಮ ಮೇಡಂಗೆ ಈ ಸಂಸ್ಥೆಯ ಮೇಲೆ ಇನ್ನೂ ನಂಬಿಕೆ ಇತ್ತು, ಅದಕ್ಕೇ ಪಿಎಫ್ ಕಚೇರಿಗೆ ಹೋಗದೆ ಹೆಡ್ ಆಫೀಸಿಗೆ ಬರೆದರು. ಆ ನಂಬಿಕೆಗೆ ಸಿಕ್ಕಿದ ಉತ್ತರ "ಯಾರು ಹೇಳಿಕೊಟ್ರು?". ಇದನ್ನು ಕೇಳಿಸಿಕೊಂಡ ಹೊಸ ಹುಡುಗರು ನಾಳೆ ಏನಾದರೂ ಕಂಡರೆ ಬಾಯಿ ಬಿಡುತ್ತಾರಾ?

ಕಂಟ್ರಾಕ್ಟರ್ ಪಿಎಫ್ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕಟ್ಟಬೇಕು, ಕಾನೂನು ಇರುವುದೇ ಹಾಗೆ. ನಿನ್ನೆ ನಾವು ಕೆಲವರು ಸೇರಿ ಹೆಡ್ ಆಫೀಸಿಗೆ ಪತ್ರ ಕಳಿಸಿದೆವು. ಬಾಕಿ ಹಣ ಯಾವಾಗ ಕಟ್ಟುತ್ತೀರಿ, ಮೇಡಂಗೆ ಬರವಣಿಗೆಯಲ್ಲಿ ಯಾವಾಗ ಉತ್ತರ ಕೊಡುತ್ತೀರಿ ಅಂತ ಕೇಳಿದ್ದೇವೆ. ಆಪರೇಷನ್ ಮುಂದಿನ ವಾರವಿದೆ, ಹಣ ಅದಕ್ಕೆ ಮೊದಲು ಸಿಗಬೇಕು ಅಂತಲೂ ಬರೆದಿದ್ದೇವೆ.