ಗ್ಲಾಕೋಮಾ ಇರುವವರ ಮಿದುಳಿನ ಸ್ಕ್ಯಾನ್ ಏನು ಹೇಳುತ್ತದೆ?

ಗ್ಲಾಕೋಮಾ, ಅಂದರೆ ದೃಷ್ಟಿನರ ಕ್ರಮೇಣ ಹಾಳಾಗುವ ತೊಂದರೆ, ಕಣ್ಣಿನ ಕಾಯಿಲೆಯೇ ಹೌದು. ಆದರೆ ಅದರಿಂದಾಗುವ ಹಾನಿ ಕಣ್ಣಿಗಷ್ಟೇ ಸೀಮಿತವಲ್ಲ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಗ್ಯಾಂಗ್ಲಿಯಾನ್ ಎಂಬ ನರಕೋಶಗಳಿಂದ ಹೊರಡುವ ಸುಮಾರು ಹತ್ತು ಲಕ್ಷ ಎಳೆಗಳು ಒಟ್ಟುಗೂಡಿ ದೃಷ್ಟಿನರವಾಗುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು ಮಿದುಳಿನೊಳಗಿನ ಥಾಲಮಸ್‌ನಲ್ಲಿರುವ ಲ್ಯಾಟರಲ್ ಜೆನಿಕ್ಯುಲೇಟ್ ನ್ಯೂಕ್ಲಿಯಸ್ ಎಂಬ ಪುಟ್ಟ ಕೇಂದ್ರವನ್ನು ತಲುಪಿ, ಅಲ್ಲಿನ ನರಕೋಶಗಳಿಗೆ ಸಂದೇಶ ದಾಟಿಸುತ್ತವೆ. ಕಣ್ಣಿನಲ್ಲಿ ಕೋಶ ಸತ್ತರೆ ಅದರ ಎಳೆಯೂ ನಾಶವಾಗುತ್ತದೆ. ಸಂದೇಶ ಬರುವುದು ನಿಂತ ಮೇಲೆ ಆಚೆ ತುದಿಯ ಕೋಶವೂ ಕ್ರಮೇಣ ಸೊರಗುತ್ತದೆ.

ಟೊರೊಂಟೊದ ಯೆನಿ ಯುಸೆಲ್ ಮತ್ತು ನೀರು ಗುಪ್ತಾ ಅವರ ತಂಡ ಇದನ್ನು ಮೊದಲು ಮಂಗಗಳಲ್ಲಿ, 2006ರಲ್ಲಿ ಮೃತ ರೋಗಿಯೊಬ್ಬರ ಮಿದುಳಿನಲ್ಲಿ, 2009ರಲ್ಲಿ ಜೀವಂತ ರೋಗಿಗಳ ಎಂಆರ್‌ಐನಲ್ಲಿ ತೋರಿಸಿತು. ಈ ಕೇಂದ್ರದಿಂದ ಹಿಂದಲೆಯ ಕಡೆಗೆ ಸಾಗುವ ನರತಂತುಗಳಲ್ಲಿ ನೀರಿನ ಅಣುಗಳ ಚಲನೆಯನ್ನು ಅಳೆಯುವ ವಿಧಾನವೂ ಇದೆ. ತಂತುಗಳ ಕಟ್ಟು ಸಡಿಲವಾದಂತೆ ಆ ಚಲನೆ ದಿಕ್ಕು ತಪ್ಪುತ್ತದೆ. ನನಗೆ ಇವೆಲ್ಲಕ್ಕಿಂತ ಕುತೂಹಲಕರವೆನಿಸಿದ್ದು, ಮಿದುಳಿನ ಚಟುವಟಿಕೆಯನ್ನೇ ತೋರಿಸುವ ಫಂಕ್ಷನಲ್ ಎಂಆರ್‌ಐ. ಸ್ಕ್ಯಾನರ್‌ನೊಳಗೆ ಮಲಗಿದವರಿಗೆ ಮಿನುಗುವ ಚೌಕಳಿಯ ಚಿತ್ರ ತೋರಿಸಿದಾಗ, ಫೀಲ್ಡ್ ಟೆಸ್ಟ್‌ನ (ನೋಟದ ಯಾವ ಭಾಗ ಕಾಣುತ್ತಿಲ್ಲವೆಂದು ಅಳೆಯುವ ಪರೀಕ್ಷೆ) ಹಾಳೆಯಲ್ಲಿ ಕಪ್ಪಾಗಿ ಮೂಡಿದ ಭಾಗಕ್ಕೆ ಸರಿಹೊಂದುವ ದೃಷ್ಟಿ ಕಾರ್ಟೆಕ್ಸಿನ (ಹಿಂದಲೆಯಲ್ಲಿ ನೋಟವನ್ನು ಗ್ರಹಿಸುವ ಮಿದುಳಿನ ಭಾಗ) ಜಾಗದಲ್ಲೇ ಚಟುವಟಿಕೆ ಕುಂದಿರುವುದು ಕಾಣುತ್ತದೆ.

ಇಷ್ಟರಿಂದ ‘ಗ್ಲಾಕೋಮಾ ಮಿದುಳಿನ ಕಾಯಿಲೆ’ ಎಂದು ಘೋಷಿಸುವುದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಈ ಅಧ್ಯಯನಗಳಲ್ಲಿ ಹೆಚ್ಚಿನವು ಕೆಲವೇ ಹತ್ತಾರು ಮಂದಿಯ ಸರಾಸರಿಯನ್ನು ಆರೋಗ್ಯವಂತರ ಸರಾಸರಿಯೊಂದಿಗೆ ಹೋಲಿಸಿದವು. ವಯಸ್ಸಾದಂತೆ ಎಲ್ಲರ ಮಿದುಳೂ ಅಷ್ಟಿಷ್ಟು ಕುಗ್ಗುವುದರಿಂದ, ಒಬ್ಬರ ಸ್ಕ್ಯಾನ್ ಮಾತ್ರ ಹಿಡಿದುಕೊಂಡು ಇದು ಗ್ಲಾಕೋಮಾದ್ದೇ ಎನ್ನಲಾಗದು. ಕಣ್ಣಿನೊಳಗನ್ನು ಬೆಳಕಿನಿಂದ ಸ್ಕ್ಯಾನ್ ಮಾಡುವ ಓಸಿಟಿ ಯಂತ್ರ ರೆಟಿನಾದ ನರಪದರದ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಅಳೆಯುವಾಗ, ಸಾಮಾನ್ಯ ಎಂಆರ್‌ಐನ ಲೆಕ್ಕ ಮಿಲಿಮೀಟರುಗಳದ್ದು.

ಚಿಕಿತ್ಸೆಯ ವಿಷಯದಲ್ಲೂ ಆತುರ ಸಲ್ಲದು. ಅಲ್ಝೈಮರ್ ರೋಗಿಗಳಿಗೆ ಕೊಡುವ ಮೆಮಾಂಟೀನ್, ಮಂಗಗಳಲ್ಲಿ ಲ್ಯಾಟರಲ್ ಜೆನಿಕ್ಯುಲೇಟ್ ಕೇಂದ್ರದ ಕೋಶಗಳು ಕುಗ್ಗುವುದನ್ನು ತಗ್ಗಿಸಿತ್ತು. ಆದರೆ ಮನುಷ್ಯರ ಮೇಲೆ ನಡೆದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2018ರಲ್ಲಿ ಪ್ರಕಟವಾದಾಗ, ಅದು ಕಾಯಿಲೆ ಮುಂದುವರಿಯುವುದನ್ನು ತಡೆಯಲಿಲ್ಲವೆಂದು ತಿಳಿಯಿತು. ಕಣ್ಣಿನ ಒತ್ತಡ ಇಳಿಸುವ ಡ್ರಾಪ್ಸ್, ಲೇಸರ್, ಶಸ್ತ್ರಚಿಕಿತ್ಸೆಗಳೇ ಇಂದಿಗೂ ನೆಚ್ಚಬಹುದಾದ ದಾರಿ.

ಹಾಗಾದರೆ ಡಾಕ್ಟರು ಎಂಆರ್‌ಐ ಬರೆದುಕೊಟ್ಟರೆ? ಅದು ಸಾಮಾನ್ಯವಾಗಿ ಬೇರೆ ಅನುಮಾನಕ್ಕೆ. ಗ್ಲಾಕೋಮಾದ ಕಪ್ಪು ಭಾಗ ಹೆಚ್ಚಾಗಿ ಫೀಲ್ಡ್ ಟೆಸ್ಟ್ ಹಾಳೆಯ ನಡುವಿನ ಅಡ್ಡಗೆರೆಗೆ ಬಂದು ನಿಲ್ಲುತ್ತದೆ. ನಡುವಿನ ಲಂಬಗೆರೆಗೆ ನಿಂತಿದ್ದರೆ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆಯಂಥ ಕಾರಣವಿದೆಯೇ ಎಂದು ನೋಡಲೇಬೇಕಾಗುತ್ತದೆ.