19 ನಿಮಿಷದ ಆಟಗಾರ

ನಮ್ಮ ಆಫೀಸಿನಲ್ಲಿ ವರ್ಷದ ಜೋರು ಜಗಳ ಆಗುವುದು ಅಕ್ಟೋಬರ್‌ನಲ್ಲಿ. ಆಗಿನ್ನೂ ಒಂದು ಪಂದ್ಯವೂ ಶುರುವಾಗಿರುವುದಿಲ್ಲ.

ಬೆಂಗಳೂರಿನಲ್ಲಿ ಕೂತು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಅಂಕಿ-ಅಂಶ ನೋಡುವುದು ನನ್ನ ಕೆಲಸ. ಅಲ್ಲಿ ಸೀಸನ್ ಶುರುವಾಗುವುದು ನವೆಂಬರ್‌ನಲ್ಲಿ. ಅದಕ್ಕೆ ಮುಂಚೆ ಒಂದೊಂದು ಪೊಸಿಷನ್‌ಗೂ 20 ಆಟಗಾರರ ಪಟ್ಟಿ ಮಾಡಿ, ಒಂದರಿಂದ 20ರವರೆಗೆ ಸಾಲಾಗಿ ನಿಲ್ಲಿಸಿ ಕೊಡಬೇಕು. ಸ್ಪ್ರಿಂಗ್‌ಫೀಲ್ಡ್‌ನ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ನವರೂ ಪ್ರತಿ ವರ್ಷ ಇಂಥದೇ ಕೆಲಸ ಮಾಡುತ್ತಾರೆ. ಪಾಯಿಂಟ್ ಗಾರ್ಡ್‌ಗೆ ಬಾಬ್ ಕೂಸಿ ಹೆಸರಿನ ಪ್ರಶಸ್ತಿ, ಬುಟ್ಟಿ ಹತ್ತಿರ ಆಡುವ ಸೆಂಟರ್‌ಗೆ ಕರೀಮ್ ಅಬ್ದುಲ್-ಜಬ್ಬಾರ್ ಹೆಸರಿನದು, ಹೀಗೆ ಐದು. ಒಂದೊಂದಕ್ಕೂ ಸೀಸನ್‌ಗೆ ಮುಂಚೆಯೇ 20 ಹೆಸರು ಬರುತ್ತದೆ. ಆದರೆ ಅವರು ಯಾರು ಮೇಲೆ ಯಾರು ಕೆಳಗೆ ಅಂತ ಹೇಳುವುದಿಲ್ಲ. ನಾವು ಹೇಳಬೇಕು. ಜಗಳ ಹುಟ್ಟುವುದು ಅಲ್ಲೇ.

ನಾನು ಹೇಳಬೇಕು ಅಂದುಕೊಂಡಿರುವುದು 2022ರ ಅಕ್ಟೋಬರ್‌ನ ಕಥೆ. ಆ ವರ್ಷ ದೊಡ್ಡ ಆಳುಗಳ ವರ್ಷ. ಕೆಂಟಕಿಯ ಆಸ್ಕರ್ ಶೀಬ್ವೆ ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ 17.4 ಪಾಯಿಂಟ್, 15.1 ರೀಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು ಹಿಡಿಯುವುದು) ಮಾಡಿ, ದೇಶದ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡು, ಮತ್ತೆ ಕಾಲೇಜಿಗೇ ವಾಪಸ್ ಬಂದಿದ್ದ. ಎಪಿ ಸುದ್ದಿಸಂಸ್ಥೆಯ ಪ್ರೀಸೀಸನ್ ಆಲ್-ಅಮೆರಿಕ ತಂಡದಲ್ಲಿ (ಸೀಸನ್‌ಗೆ ಮುಂಚೆ ದೇಶದ ಅತ್ಯುತ್ತಮರು ಅಂತ ಆರಿಸುವ ಐದು ಜನ) ಐದರಲ್ಲಿ ನಾಲ್ಕು ಜನ ಬುಟ್ಟಿ ಹತ್ತಿರ ಆಡುವವರೇ: ಶೀಬ್ವೆ, ಗೊನ್ಝಾಗಾದ ಡ್ರೂ ಟಿಮ್ಮಿ, ನಾರ್ತ್ ಕೆರೊಲೈನಾದ ಅರ್ಮಾಂಡೋ ಬೇಕಾಟ್, ಇಂಡಿಯಾನಾದ ಟ್ರೇಸ್ ಜಾಕ್ಸನ್-ಡೇವಿಸ್. ಹ್ಯೂಸ್ಟನ್‌ನ ಮಾರ್ಕಸ್ ಸ್ಯಾಸರ್ ಒಬ್ಬನೇ ಗಾರ್ಡ್. ಟಿಮ್ಮಿ, ಜಾಕ್ಸನ್-ಡೇವಿಸ್ ಇಬ್ಬರೂ ತಂಡದ ಪಟ್ಟಿಯಲ್ಲಿ ಫಾರ್ವರ್ಡ್, ಅಂದರೆ ಬುಟ್ಟಿಯಿಂದ ಸ್ವಲ್ಪ ಆಚೆಯೂ ಆಡುವವರು. ಆಟದ ಅಂಕಣದಲ್ಲಿ ನೋಡಿದರೆ ಸೆಂಟರ್ ಕೆಲಸ. ಅವರನ್ನು ಎಲ್ಲಿ ಕೂರಿಸಬೇಕು ಅನ್ನುವುದಕ್ಕೇ ನಮ್ಮ ಒಂದು ಸಂಜೆ ಪೂರ್ತಿ ಹೋಯಿತು.

ನನ್ನ ಮೊದಲ ಕರಡಿನಲ್ಲಿ ಸೆಂಟರ್‌ಗಳ ಸಾಲಲ್ಲಿ ಎರಡನೆಯವನು ಪರ್ಡ್ಯೂ ವಿಶ್ವವಿದ್ಯಾಲಯದ ಝ್ಯಾಕ್ ಈಡಿ. ಟೊರಾಂಟೊದ ಹುಡುಗ, 7 ಅಡಿ 4 ಇಂಚು. ಚಿಕ್ಕವನಿದ್ದಾಗ ಐಸ್ ಹಾಕಿ, ಬೇಸ್‌ಬಾಲ್ ಆಡಿಕೊಂಡಿದ್ದು ತಡವಾಗಿ ಬಾಸ್ಕೆಟ್‌ಬಾಲ್‌ಗೆ ಬಂದವನು. ಕಾಲೇಜಿಗೆ ಸೇರುವಾಗ ಐದರಲ್ಲಿ ಬರೀ ಮೂರು ಸ್ಟಾರ್ ರೇಟಿಂಗ್. 2021-22ರಲ್ಲಿ ಅವನದು ಪಂದ್ಯಕ್ಕೆ 14.4 ಪಾಯಿಂಟ್, 7.7 ರೀಬೌಂಡ್.

ಮೀಟಿಂಗ್‌ನಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಈಡಿ ಪಂದ್ಯಕ್ಕೆ ಸರಾಸರಿ ಎಷ್ಟು ನಿಮಿಷ ಆಡಿದ ಅನ್ನುವ ಕಾಲಂ ತೋರಿಸಿದರು. 19. "19 ನಿಮಿಷ ಆಡುವವನನ್ನು 32 ನಿಮಿಷ ಆಡುವವರ ಪಕ್ಕ ಹೇಗೆ ಕೂರಿಸ್ತೀಯಾ? ಅಷ್ಟು ದೊಡ್ಡ ಮೈ. ಜಾಸ್ತಿ ಹೊತ್ತು ಓಡೋಕೆ ಆಗುತ್ತಾ?"

ಆ ಪ್ರಶ್ನೆ ತಪ್ಪಲ್ಲ. ಕಡಿಮೆ ಹೊತ್ತು ಆಡುವವರ ಲೆಕ್ಕ ಎಷ್ಟೋ ಸಲ ಸುಮ್ನೆ ಚೆಂದ ಕಾಣುತ್ತದೆ. ಪೂರ್ತಿ ಪಂದ್ಯದ 40 ನಿಮಿಷಕ್ಕೆ ಲೆಕ್ಕ ಹಾಕಿದರೆ ಈಡಿಗೆ 30 ಪಾಯಿಂಟ್, ಶೀಬ್ವೆಗೆ 22 ಬರುತ್ತದೆ. ಅದನ್ನು ನಂಬಿ ಪಟ್ಟಿ ಮಾಡಿದರೆ ಬೆಂಚಿನ ಮೇಲೆ ಕೂತಿರುವ ಅರ್ಧ ಜನ ಹೀರೋ ಆಗಿಬಿಡುತ್ತಾರೆ, ಅಲ್ವಾ? ನನಗೂ ಅದು ಗೊತ್ತಿತ್ತು. ಉತ್ತರ ಕೊಡಲಾಗದೆ ಈಡಿಯನ್ನು ಏಳನೇ ಸ್ಥಾನಕ್ಕೆ ಇಳಿಸಿದೆ. ಯಾರೂ ಬಲವಂತ ಮಾಡಲಿಲ್ಲ. ನಾನೇ ಮೌಸ್ ಹಿಡಿದು ಆ ಸಾಲನ್ನು ಕೆಳಗೆ ಎಳೆದೆ.

ಆಮೇಲೆ ಆದದ್ದು ಈ ಆಟ ನೋಡುವವರಿಗೆಲ್ಲ ಗೊತ್ತು. ಸೀಸನ್‌ಗೆ ಮುಂಚೆ ಎಪಿಯ ಮೊದಲ 25 ತಂಡಗಳಲ್ಲೂ ಇರದ ಪರ್ಡ್ಯೂ, ನವೆಂಬರ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಗೊನ್ಝಾಗಾವನ್ನೂ ಡ್ಯೂಕ್ ತಂಡವನ್ನೂ ಒಂದೇ ವಾರದಲ್ಲಿ ಸೋಲಿಸಿ, ಡಿಸೆಂಬರ್‌ನಲ್ಲಿ ನಂಬರ್ 1 ಆಯಿತು. ಪ್ರೀಸೀಸನ್ ನಂಬರ್ 1 ಆಗಿದ್ದ ನಾರ್ತ್ ಕೆರೊಲೈನಾಗೆ ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಎನ್‌ಸಿಎಎ ಟೂರ್ನಿಗೇ ಜಾಗ ಸಿಗಲಿಲ್ಲ. ಈಡಿ 22.3 ಪಾಯಿಂಟ್, 12.9 ರೀಬೌಂಡ್ ಮಾಡಿ ದೇಶದ ಅತ್ಯುತ್ತಮ ಆಟಗಾರನಾದ. ಆಡಿದ್ದು ಪಂದ್ಯಕ್ಕೆ ಸುಮಾರು 32 ನಿಮಿಷ.

ಪಟ್ಟಿ ತಪ್ಪಾಗುವುದು ನಮ್ಮ ಕೆಲಸದಲ್ಲಿ ಮಾಮೂಲು. ಅದಕ್ಕೆ ಬೇಜಾರಿಲ್ಲ. ಬೇಜಾರಾಗಿದ್ದು ಡಿಸೆಂಬರ್‌ನ ಒಂದು ರಾತ್ರಿ. ಯಾವುದೋ ಬೇರೆ ಕೆಲಸಕ್ಕೆ ಹಳೆಯ ಶೀಟ್ ತೆರೆದಿದ್ದೆ. ಪರ್ಡ್ಯೂನ 2021-22ರ ಸಾಲುಗಳು ಮುಂದೆ ಬಂದವು. ಈಡಿ, 19 ನಿಮಿಷ. ಅವನಿಗಿಂತ ಸ್ವಲ್ಪ ಮೇಲೆ ಇನ್ನೊಬ್ಬ ದೊಡ್ಡ ಆಳು, ಟ್ರೆವಿಯನ್ ವಿಲಿಯಮ್ಸ್, 20 ನಿಮಿಷ. ಎರಡನ್ನೂ ಕೂಡಿದರೆ 39. ಕಾಲೇಜು ಪಂದ್ಯ ಇರುವುದೇ 40 ನಿಮಿಷ.

ಅಂದರೆ ಈಡಿಗೆ ಓಡೋಕೆ ಆಗದೆ 19 ಬಂದದ್ದಲ್ಲ. ಒಂದೇ ಕುರ್ಚಿಯಲ್ಲಿ ಇಬ್ಬರು ಸರದಿ ಮೇಲೆ ಕೂರುತ್ತಿದ್ದರು. ಕೋಚ್ ಮ್ಯಾಟ್ ಪೇಂಟರ್ ಅವರಿಬ್ಬರನ್ನು ಒಟ್ಟಿಗೆ ಆಡಿಸಿದ್ದು ಕಡಿಮೆ. ವಿಲಿಯಮ್ಸ್ ಆ ವರ್ಷ ಪರ್ಡ್ಯೂ ಆಡುವ ಬಿಗ್ ಟೆನ್ ಲೀಗ್‌ನ ಅತ್ಯುತ್ತಮ ಸಿಕ್ಸ್ತ್ ಮ್ಯಾನ್, ಅಂದರೆ ಬೆಂಚಿನಿಂದ ಎದ್ದು ಬಂದು ಆಡುವವರಲ್ಲಿ ಮೊದಲಿಗ. 2022ರ ಬೇಸಿಗೆಯಲ್ಲಿ ಅವನು ಕಾಲೇಜು ಬಿಟ್ಟ. ತಂಡದ ದೊಡ್ಡ ಸ್ಕೋರರ್ ಜೇಡನ್ ಐವಿ ಕೂಡ ಎನ್‌ಬಿಎಗೆ ಹೋದ. ಕುರ್ಚಿ ಖಾಲಿಯಾಗಿತ್ತು, ಚೆಂಡು ಕೈಗೆ ಸಿಗುವ ಅವಕಾಶವೂ ಖಾಲಿ ಇತ್ತು. ಇಷ್ಟೂ ಅಕ್ಟೋಬರ್‌ನಲ್ಲಿ ನನ್ನ ಶೀಟಿನಲ್ಲೇ ಇತ್ತು. ಎರಡು ಸಾಲು ಮೇಲೆ ನೋಡಿದ್ದರೆ ಆ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತಿತ್ತು. ನಾನು ಒಬ್ಬ ಆಟಗಾರನ ಸಾಲನ್ನು ಮಾತ್ರ ನೋಡಿದ್ದೆ.

ಅವತ್ತಿನಿಂದ ಶೀಟಿಗೆ ಎರಡು ಕಾಲಂ ಸೇರಿಸಿದ್ದೇನೆ. ಒಂದರಲ್ಲಿ "ಇವನು ಕೂತಾಗ ಆಡಿದವನು ಯಾರು, ಈಗ ಎಲ್ಲಿದ್ದಾನೆ". ಇನ್ನೊಂದರಲ್ಲಿ ಆ ಸ್ಥಾನ ಯಾಕೆ ಕೊಟ್ಟೆ ಅಂತ ಒಂದು ವಾಕ್ಯ, ಮೀಟಿಂಗ್‌ಗೆ ಮುಂಚೆ ಬರೆದದ್ದು. ಮೀಟಿಂಗ್‌ನಲ್ಲಿ ಯಾರನ್ನಾದರೂ ಇಳಿಸಿದರೆ ಅದಕ್ಕೂ ಒಂದು ವಾಕ್ಯ ಬರೆಯಬೇಕು. ಟೀಮಿನ ಬೇರೆಯವರಿಗೆ ಮೊದಮೊದಲು ಇದು ಕಿರಿಕಿರಿ ಆಯಿತು. ಐದು ಪೊಸಿಷನ್, 20 ಜನ ಅಂದರೆ 100 ವಾಕ್ಯ. ಆದರೂ ಬಿಡಲಿಲ್ಲ. ಈಗಂತೂ ಆಟಗಾರರು ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಕೊಟ್ಟು ವರ್ಷ ವರ್ಷ ಕಾಲೇಜು ಬದಲಿಸುತ್ತಾರೆ. ಯಾವ ಕುರ್ಚಿ ಖಾಲಿ ಇದೆ ಅಂತ ನೋಡದೆ ಪಟ್ಟಿ ಮಾಡುವುದು ಇನ್ನೂ ಕಷ್ಟ.

2023ರ ಅಕ್ಟೋಬರ್‌ನಲ್ಲಿ ಈಡಿ ಬಗ್ಗೆ ಮತ್ತೆ ಮಾತು ಬಂತು. ಮಾರ್ಚ್‌ನಲ್ಲಿ ಎನ್‌ಸಿಎಎ ಟೂರ್ನಿಯ ನಂಬರ್ 1 ಸೀಡ್ (ತನ್ನ ಗುಂಪಿನ ಮೊದಲ ಶ್ರೇಯಾಂಕದ ತಂಡ) ಪರ್ಡ್ಯೂ, 16ನೇ ಸೀಡ್ ಫೇರ್ಲಿ ಡಿಕಿನ್‌ಸನ್ ಎದುರು 63-58ರಲ್ಲಿ ಸೋತಿತ್ತು. ಕಾಲೇಜು ಆಟದ ಮೇಲಿನ ದರ್ಜೆಯಾದ ಇಡೀ ಡಿವಿಷನ್ 1ರಲ್ಲಿ ಎತ್ತರ ಅತಿ ಕಡಿಮೆ ಇರುವ ತಂಡಕ್ಕೆ! ಇಷ್ಟು ಎತ್ತರ ಇಟ್ಟುಕೊಂಡು ಏನು ಪ್ರಯೋಜನ, ಕೆಳಗಿಳಿಸಿ ಅಂದರು ಒಬ್ಬರು. ಈ ಸಲ ನನ್ನ ವಾಕ್ಯ ರೆಡಿ ಇತ್ತು. ಆ ಪಂದ್ಯದಲ್ಲಿ ಅವನದು 21 ಪಾಯಿಂಟ್, 15 ರೀಬೌಂಡ್. ನಾವು ಮಾಡುತ್ತಿರುವುದು ಆಟಗಾರರ ಪಟ್ಟಿ, ತಂಡಗಳದ್ದಲ್ಲ. ಮೊದಲನೇ ಸ್ಥಾನದಲ್ಲೇ ಉಳಿಸಿಕೊಂಡೆ. ಐದು ನಿಮಿಷದಲ್ಲಿ ಮುಗಿಯಿತು.

ಅದೇ ಸಂಜೆ ಇನ್ನೊಬ್ಬನನ್ನು ಬಿಟ್ಟೆವು. ಡಾಲ್ಟನ್ ಕನೆಕ್ಟ್. ನಾರ್ದರ್ನ್ ಕೊಲೊರಾಡೊದಲ್ಲಿ ಪಂದ್ಯಕ್ಕೆ 20.2 ಪಾಯಿಂಟ್ ಹೊಡೆದು ಎಸ್‌ಇಸಿ ಅನ್ನುವ ದೊಡ್ಡ ಲೀಗ್‌ನಲ್ಲಿ ಆಡುವ ಟೆನೆಸೀಗೆ ಬಂದಿದ್ದ. ಸ್ಮಾಲ್ ಫಾರ್ವರ್ಡ್‌ಗಳ 20ರಲ್ಲಿ ಅವನ ಹೆಸರೇ ಇಲ್ಲ. ನನ್ನ ಕಾಲಂನಲ್ಲಿ ಈಗಲೂ ಇದೆ: "ಸಣ್ಣ ಲೀಗ್. ಎಸ್‌ಇಸಿ ಡಿಫೆನ್ಸ್ ಎದುರು ಇಷ್ಟು ಬರಲ್ಲ." ಬಂತು. 21.7 ಪಾಯಿಂಟ್, ಎಸ್‌ಇಸಿಯ ಅತ್ಯುತ್ತಮ ಆಟಗಾರ. ಈ ಸಲ ಎಲ್ಲಿ ಎಡವಿದೆ ಅಂತ ಹುಡುಕಲು ಡಿಸೆಂಬರ್‌ನ ರಾತ್ರಿ ಬೇಕಾಗಲಿಲ್ಲ, ವಾಕ್ಯದಲ್ಲೇ ಇತ್ತು. ಲೀಗ್ ಸಣ್ಣದು ಅಂತ ಬರೆದಿದ್ದೆ, ಆದರೆ ಆ ಲೀಗ್‌ನ ಆಚೆ ದೊಡ್ಡ ತಂಡಗಳ ಎದುರು ಅವನು ಆಡಿದ ಪಂದ್ಯಗಳನ್ನು ತೆರೆದು ನೋಡಿರಲಿಲ್ಲ. ಅದಕ್ಕೂ ಒಂದು ಕಾಲಂ ಮರುವರ್ಷ ಸೇರಿತು.

2024ರ ಮಾರ್ಚ್ 31, ಭಾನುವಾರ, ನಮಗೆ ನಡುರಾತ್ರಿ. ಡೆಟ್ರಾಯಿಟ್‌ನಲ್ಲಿ ಪರ್ಡ್ಯೂ, ಟೆನೆಸೀ. ಗೆದ್ದವರಿಗೆ ಫೈನಲ್ ಫೋರ್, ಅಂದರೆ ಟೂರ್ನಿಯ ಕೊನೆಯ ನಾಲ್ಕು ತಂಡಗಳಲ್ಲಿ ಜಾಗ. ಒಂದು ಕಡೆ ನಾನು ಏಳಕ್ಕೆ ಇಳಿಸಿದ್ದವನು, ಇನ್ನೊಂದು ಕಡೆ 20ರಲ್ಲೂ ಸೇರಿಸದವನು. ಈಡಿ 40 ಪಾಯಿಂಟ್, 16 ರೀಬೌಂಡ್. ಕನೆಕ್ಟ್ 37. ಕೊನೆಯ ನಿಮಿಷದಲ್ಲಿ ಕನೆಕ್ಟ್ ಬುಟ್ಟಿಗೆ ನುಗ್ಗಿದ, ಈಡಿ ಕೈ ಚಾಚಿ ಆ ಶಾಟ್ ತಡೆದ. ಪರ್ಡ್ಯೂ 72, ಟೆನೆಸೀ 66. 1980ರ ನಂತರ ಪರ್ಡ್ಯೂಗೆ ಮೊದಲ ಫೈನಲ್ ಫೋರ್. ಆ ಬ್ಲಾಕ್ ಅನ್ನು ನಾನು ನಾಲ್ಕು ಸಲ ಹಿಂದೆ ಮಾಡಿ ನೋಡಿದೆ. ಆಮೇಲೆ ಶೀಟ್ ತೆರೆದು, ಇಬ್ಬರ ಸಾಲಿನ ಪಕ್ಕದಲ್ಲೂ ಆವತ್ತಿನ ತಾರೀಖು ಬರೆದಿಟ್ಟೆ.