ಸ್ಲ್ಯಾಬ್ ದಿನ ಪ್ಲಂಬರ್ ಯಾಕೆ ಬರಲಿಲ್ಲ

ನಾನು ಸೈಟ್ ಎಂಜಿನಿಯರ್. ನಮ್ಮ ಆಫೀಸಿನದು ಸೂಪರ್‌ವಿಷನ್ ಮಾತ್ರ. ಮೇಸ್ತ್ರಿ, ಕಂಬಿ ಕಟ್ಟುವ ಬಾರ್ ಬೆಂಡರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರನ್ನೂ ಮನೆ ಕಟ್ಟಿಸುವವರು ತಾವೇ ಗೊತ್ತು ಮಾಡಿಕೊಳ್ಳುತ್ತಾರೆ. ಬೇರೆ ಬೇರೆ ಲೇಬರ್ ಕಾಂಟ್ರಾಕ್ಟ್ ಕೊಟ್ಟರೆ ದುಡ್ಡು ಉಳಿಯುತ್ತದೆ ಅಂತ. ಉಳಿಯುತ್ತದೆ ಕೂಡ, ಸ್ಲ್ಯಾಬ್ ದಿನದವರೆಗೆ.

ನಾನು ಹೇಳುತ್ತಿರುವ ಮನೆಯಲ್ಲಿ ಫಸ್ಟ್ ಫ್ಲೋರ್ ಟಾಯ್ಲೆಟ್‌ಗೆ ಸಂಕನ್ (ಪೈಪ್ ಅಡಗಿಸಲು ಸ್ಲ್ಯಾಬನ್ನೇ ತಗ್ಗಿಸುವುದು) ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಪೈಪುಗಳೆಲ್ಲ ಸ್ಲ್ಯಾಬ್ ಕೆಳಗೆ ನೇತಾಡಿ ಫಾಲ್ಸ್ ಸೀಲಿಂಗ್ ಒಳಗೆ ಅಡಗಬೇಕು. ಒಳ್ಳೆಯ ತೀರ್ಮಾನವೇ. ಮುಂದೆ ಪೈಪ್ ಸೋರಿದರೆ ಟೈಲ್ಸ್ ಒಡೆಯುವ ಕರ್ಮ ಇಲ್ಲ. ಆದರೆ ಕಾಂಕ್ರೀಟ್ ಬೀಳುವ ಮುಂಚೆಯೇ ಸ್ಲೀವ್‌ಗಳು, ಅಂದರೆ ಪೈಪ್ ಹಾಯಲು ದಾರಿ ಬಿಡುವ ದಪ್ಪ ಪೈಪಿನ ತುಂಡುಗಳು, ಕೂತಿರಬೇಕು. ನೆಲದ ನೀರು ಇಳಿಯುವ ಫ್ಲೋರ್ ಟ್ರ್ಯಾಪ್‌ನದು ಹಿಂದಿನ ದಿನವೇ ಕೂತಿತ್ತು. ಕಮೋಡ್‌ನದು ಬಾಕಿ. ಯಾವ ಮಾಡೆಲ್ ಅಂತ ಓನರ್ ಇನ್ನೂ ಹೇಳಿರಲಿಲ್ಲ. ರಾತ್ರಿ ಫೋನ್ ಮಾಡಿ ಹೇಳಿದರು: ಎಸ್ ಟ್ರ್ಯಾಪ್, 300 ಎಂಎಂ. ಅಂದರೆ ಪೈಪ್ ನೆಲದೊಳಕ್ಕೆ ಇಳಿಯುತ್ತದೆ, ಗೋಡೆಯಿಂದ ತೂತಿನ ಮಧ್ಯಕ್ಕೆ 300 ಎಂಎಂ. ಪ್ಲಂಬರ್‌ಗೆ ಹೇಳಿದೆ. "ಬೆಳಗ್ಗೆ ಆರಕ್ಕೇ ಇರ್ತೀನಿ ಸರ್, ಅರ್ಧ ಗಂಟೆ ಕೆಲಸ" ಅಂದ.

ಇಲ್ಲಿ ನಮ್ಮ ಆಫೀಸಿನ ಆ್ಯಪ್ ಬಗ್ಗೆ ಒಂದು ಮಾತು. ಚೆಕ್‌ಲಿಸ್ಟ್ ಪೂರ್ತಿ ಟಿಕ್ ಆಗದೆ ಪೋರ್ ಕಾರ್ಡ್ (ಕಾಂಕ್ರೀಟ್ ಹಾಕಲು ಅನುಮತಿ) ಅಪ್ರೂವ್ ಆಗುವುದಿಲ್ಲ. ಸ್ಲೀವ್‌ಗಳು ಕೂತಿವೆಯೇ ಅನ್ನುವುದಕ್ಕೆ ಹೌದು, ಇಲ್ಲ, ಎರಡೇ ಉತ್ತರ. 'ನಾಳೆ ಬೆಳಗ್ಗೆ ಆರಕ್ಕೆ' ಅನ್ನುವ ಉತ್ತರ ಅದರಲ್ಲಿಲ್ಲ. 'ಇಲ್ಲ' ಅಂದರೆ ಮಿಕ್ಸರ್, ಕಾಂಕ್ರೀಟ್ ಮೇಲೆತ್ತುವ ಲಿಫ್ಟ್, ಗ್ಯಾಂಗ್ ಎಲ್ಲಾ ಕ್ಯಾನ್ಸಲ್. ರಾತ್ರಿ ಹತ್ತಕ್ಕೆ ಹೌದು ಅಂತ ಒತ್ತಿ ಮಲಗಿದೆ. ಸೈಟ್ ನೋಡಿದವರು ಯಾರಾದರೂ ಅದನ್ನೇ ಒತ್ತುತ್ತಿದ್ದರು. ಆ್ಯಪ್ ಮಾಡಿದವರು ಸೈಟ್ ನೋಡಿಲ್ಲ.

ಬೆಳಗ್ಗೆ ಆರಕ್ಕೆ ಎಲೆಕ್ಟ್ರಿಷಿಯನ್ ಇದ್ದ. ವೈರಿನ ಕಂಡ್ಯೂಟ್ ಪೈಪು, ಫ್ಯಾನ್ ಬಾಕ್ಸ್ ಎಲ್ಲಾ ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದ. ಪ್ಲಂಬರ್ ಇಲ್ಲ. ಏಳಾಯಿತು, ಫೋನ್ ಎತ್ತಲಿಲ್ಲ. ಗ್ಯಾಂಗ್ ಬಂದು ನಿಂತಿತ್ತು. ನಾನು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ. ಟಾಯ್ಲೆಟ್ ಇರುವುದು ಲಿಫ್ಟ್ ಪಕ್ಕದ ಮೂಲೆಯಲ್ಲಿ. ಕಾಂಕ್ರೀಟ್ ಆಚೆ ತುದಿಯಿಂದ ಶುರುವಾಗಿ ಲಿಫ್ಟ್ ಕಡೆಗೆ ಬರುತ್ತದೆ. ಇಲ್ಲಿಗೆ ಬರುವಾಗ ಮಧ್ಯಾಹ್ನ. ಅಷ್ಟರೊಳಗೆ ಬಂದೇ ಬರುತ್ತಾನೆ. "ಮಿಕ್ಸರ್ ಹಾಕಿ" ಅಂದೆ.

ಲೆಕ್ಕ ಸರಿಯಾಗಿತ್ತು. ಲಿಫ್ಟ್ ಬೇರೆ ಕಡೆ ಇತ್ತು. ಜಲ್ಲಿ ಲಾರಿಯವನು ಹಿಂದಿನ ದಿನ ಲೋಡನ್ನು ಹಿತ್ತಲ ಕಡೆ ಸುರಿದು ಹೋಗಿದ್ದರಿಂದ ಲಿಫ್ಟನ್ನೂ ಅಲ್ಲೇ ನಿಲ್ಲಿಸಿದ್ದರು. ಅದನ್ನು ಕಣ್ಣಾರೆ ನೋಡಿದ್ದೆ. ಅದರ ಪಕ್ಕದಲ್ಲೇ ನಿಂತು ಮೇಸ್ತ್ರಿ ಜೊತೆ ಮಾತಾಡಿದ್ದೆ. ಆದರೂ ತಲೆಯಲ್ಲಿದ್ದದ್ದು ಹಳೆಯ ಜಾಗವೇ. ಈಗ ಆಚೆ ತುದಿ ಅಂದರೆ ಟಾಯ್ಲೆಟ್. ಮೊದಲ ಬಾಂಡಲಿಗಳು ಅದರ ಪಕ್ಕದ ಬೀಮಿಗೇ ಬಿದ್ದವು.

ಓಡಿ ಹೋಗಿ ನಿಲ್ಲಿಸಿ ಅಂದೆ. ಮೇಸ್ತ್ರಿ ನಿಲ್ಲಿಸಲಿಲ್ಲ. ಅವರ ಮಾತಿನಲ್ಲೂ ಸತ್ಯ ಇತ್ತು. "ಬೀಮ್ ಅರ್ಧ ತುಂಬಿಸಿ ಬಿಟ್ರೆ ಹಳೇ ಕಾಂಕ್ರೀಟ್‌ಗೂ ಹೊಸದಕ್ಕೂ ನಡುವೆ ಜಾಯಿಂಟ್ ಬೀಳುತ್ತೆ ಸರ್. ಆಮೇಲೆ ನನ್ನನ್ನೇ ಬೈತೀರಿ. ಕಮೋಡ್ ತೂತು ತಾನೇ, ಮುಂದೆ ಕೋರ್ ಹೊಡೆಸಿದ್ರಾಯ್ತು." ಕೋರ್ ಮೆಷಿನ್‌ಗೆ ಕಂಬಿ ಯಾವುದು, ಕಾಂಕ್ರೀಟ್ ಯಾವುದು ಅಂತ ಭೇದ ಇಲ್ಲ. 8 ಎಂಎಂ ಮೇನ್ ಕಂಬಿ ಕತ್ತರಿಸಿಕೊಂಡೇ ಇಳಿಯುತ್ತದೆ. ನಾನು ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು: ಬೀಮ್ ತುಂಬಿಸುತ್ತಾ ಪಕ್ಕದ ರೂಮಿನ ಕಡೆಗೆ ಹೋಗಿ, ಟಾಯ್ಲೆಟ್ ಭಾಗದ ಸ್ಲ್ಯಾಬ್ ಆಮೇಲೆ ಹಾಕಿ ಅಂತ.

ಸಿಕ್ಕ ಸಮಯ ಅಷ್ಟೇ. ಮೆಯಿನ್ ಡ್ರೈನ್ ಕೆಲಸದಲ್ಲಿ ಉಳಿದಿದ್ದ 160 ಎಂಎಂ ಪೈಪಿನ ತುಂಡೊಂದು ಕೆಳಗೆ ಬಿದ್ದಿತ್ತು. ಎಲೆಕ್ಟ್ರಿಷಿಯನ್ ಹುಡುಗ ಅದನ್ನು ಹ್ಯಾಕ್ಸಾ ಹಿಡಿದು ಸ್ಲ್ಯಾಬ್ ದಪ್ಪಕ್ಕಿಂತ ಸ್ವಲ್ಪ ಉದ್ದಕ್ಕೆ ಕೊಯ್ದು ಕೊಟ್ಟ. ಪಾಪ, ಅವನ ಕೆಲಸವಲ್ಲ. ಕಂಬಿ ಇರುವುದು 150 ಎಂಎಂ ಅಂತರದಲ್ಲಿ. 160ರ ಪೈಪ್ ನಡುವೆ ಕೂರುವುದಿಲ್ಲ. "ಒಂದು ಕಂಬಿ ಕಟ್ ಮಾಡ್ಲಾ ಸರ್?" ಅಂದ ಬಾರ್ ಬೆಂಡರ್. "ಬೇಡ, ಸರಿಸಿ" ಅಂದೆ. ಕಟ್ಟಿದ್ದ ಬೈಂಡಿಂಗ್ ವೈರ್ ಬಿಚ್ಚಿ, ಕಂಬಿ ಸರಿಸಿ, ಸುತ್ತ ಎಕ್ಸ್‌ಟ್ರಾ ಕಂಬಿ ಕಟ್ಟಿದರು. ಪೈಪಿನೊಳಗೆ ಮರಳು ತುಂಬಿ ಬಾಯಿಗೆ ಟೇಪ್ ಸುತ್ತಿದೆವು. ಬೆನ್ನ ಹಿಂದೆ ವೈಬ್ರೇಟರ್ ಗುರ್‌ ಅನ್ನುತ್ತಿತ್ತು. ಗೋಡೆ ಇನ್ನೂ ಎದ್ದಿಲ್ಲವಲ್ಲ, ಬೀಮಿನ ಅಂಚಿನಿಂದ ಟೇಪ್ ಹಿಡಿದು 300 ಎಂಎಂಗೆ ಮಾರ್ಕ್ ಮಾಡಿ ಸ್ಲೀವ್ ಕೂರಿಸಿದೆ. ಕೂತ ಸ್ವಲ್ಪ ಹೊತ್ತಿಗೆ ಕಾಂಕ್ರೀಟ್ ಬಂತು. ಗೆದ್ದೆ ಅನ್ನಿಸಿತು.

300 ಎಂಎಂ ಅನ್ನುವುದು ಫಿನಿಶ್ ಆದ ಗೋಡೆಯಿಂದ. ನಾನು ಅಳೆದದ್ದು ಇಟ್ಟಿಗೆ ಬರುವ ಗೆರೆಯಿಂದ. ಪ್ಲಾಸ್ಟರ್ ಒಂದು 15, ಗಮ್ಮು ಟೈಲ್ ಸೇರಿ ಇನ್ನೊಂದು 15. ಒಟ್ಟು 30 ಎಂಎಂ ಗೋಡೆ ಮುಂದೆ ಬಂತು. 160ರ ಸ್ಲೀವ್ ಒಳಗೆ 110ರ ಪೈಪನ್ನು ಹೆಚ್ಚೆಂದರೆ 20 ಎಂಎಂ ಅತ್ತಿತ್ತ ಸರಿಸಬಹುದು. ಇನ್ನು 10 ಉಳಿಯಿತು. ಕಮೋಡ್ ಕೂರಿಸುವ ದಿನ ಪ್ಲಂಬರ್ ಟೇಪ್ ಹಿಡಿದು ನೋಡಿ ನಕ್ಕ. "ಟೈಲ್ಸ್ ಲೆಕ್ಕ ಹಿಡಿಯೋದು ಬಿಟ್ರಾ ಸರ್?" ಆಫ್‌ಸೆಟ್ ಕನೆಕ್ಟರ್ ಹಾಕಿ ಸರಿ ಮಾಡಿದ. ಓನರ್‌ಗೂ ಹೇಳಿದೆ. ಮಾಡೆಲ್ ತಡವಾಗಿ ಹೇಳಿದ್ದು ತಾವೇ ಅಂತ ಅವರೂ ಸುಮ್ಮನಾದರು.

ಇದರಲ್ಲಿ ನಗುವ ಭಾಗ ಇಷ್ಟೇ. ಚುಚ್ಚುವ ಭಾಗ ಬೇರೆ ಇದೆ. ಸ್ಲೀವ್ ಗಲಾಟೆ ನಡೆಯುವಾಗ ಮಿಕ್ಸರ್ ಹತ್ತಿರ ನಾನಿರಲಿಲ್ಲ. ಕೆಳಗಿನ ಹುಡುಗ ಬಕೆಟ್ ಬಕೆಟ್ ನೀರು ಸುರಿದಿದ್ದ. ನೀರು ಜಾಸ್ತಿಯಾದರೆ ಕಾಂಕ್ರೀಟ್ ಸಲೀಸಾಗಿ ಹರಡುತ್ತದೆ, ಗ್ಯಾಂಗಿಗೆ ಆರಾಮ, ಆದರೆ ಗಟ್ಟಿತನ ಕಡಿಮೆಯಾಗುತ್ತದೆ. ವಾಟರ್ ಸಿಮೆಂಟ್ ರೇಶಿಯೋ 0.55 ಅಂದರೆ 50 ಕೆಜಿ ಮೂಟೆಗೆ 27.5 ಲೀಟರ್, ಒದ್ದೆ ಮರಳಿನಲ್ಲಿರುವ ನೀರೂ ಸೇರಿ. ಆ ಬ್ಯಾಚ್‌ಗಳಿಗೆ ಎಷ್ಟು ಹೋಯಿತೋ ದೇವರಿಗೇ ಗೊತ್ತು. 28 ದಿನದ ಕ್ಯೂಬ್ ಟೆಸ್ಟ್ (ಅದೇ ಕಾಂಕ್ರೀಟನ್ನು ಅಚ್ಚಿಗೆ ತುಂಬಿಸಿ ಗಟ್ಟಿತನ ನೋಡುವುದು) ಚೆನ್ನಾಗಿಯೇ ಬಂತು. ಬಾರದೆ ಏನು, ಕ್ಯೂಬ್ ತುಂಬಿಸಿದ್ದು ನಾನು ಮಿಕ್ಸರ್ ಹತ್ತಿರ ವಾಪಸ್ ಹೋದ ಮೇಲಿನ ಬ್ಯಾಚ್‌ಗಳಿಂದ.

ಪ್ಲಂಬರ್ ಅವತ್ತು ಬಂದಾಗ ಹತ್ತು ದಾಟಿತ್ತು. ಗಂಟಲು ಹರಿಯುವಂತೆ ಕೂಗಾಡಿದೆ. ಅವನು ಸುಳ್ಳು ನೆಪ ಹೇಳಲಿಲ್ಲ. "ಇನ್ನೊಂದು ಸೈಟಲ್ಲಿ ಪ್ರೆಷರ್ ಟೆಸ್ಟ್ ಇತ್ತು ಸರ್. ಅದು ಮುಗಿದ್ರೆ ಬಿಲ್ ಆಗುತ್ತೆ. ಇಲ್ಲಿ ಇವತ್ತು ನನಗೆ ಯಾವ ಬಿಲ್ ಇದೆ, ನೀವೇ ಹೇಳಿ." ಪೇಮೆಂಟ್ ಚಾರ್ಟ್ ತೆಗೆದು ನೋಡಿದೆ. ಪ್ಲಂಬರ್‌ಗೆ ಮೂರು ಸ್ಟೇಜ್: ಗೋಡೆ ಕೊರೆದು ಪೈಪ್ ಎಳೆದಾಗ, ಟೆಸ್ಟ್ ಆದಾಗ, ಫಿಟ್ಟಿಂಗ್ಸ್ ಕೂತಾಗ. ಸ್ಲ್ಯಾಬ್ ಅನ್ನುವ ಸಾಲೇ ಇಲ್ಲ. ಎಲೆಕ್ಟ್ರಿಷಿಯನ್ ಚಾರ್ಟ್‌ನಲ್ಲಿ ಮೊದಲ ಸ್ಟೇಜೇ ಸ್ಲ್ಯಾಬ್ ಪೈಪಿಂಗ್. ಆರಕ್ಕೆ ಯಾರು ಬಂದರು, ಯಾರು ಬರಲಿಲ್ಲ ಅನ್ನುವುದು ಅಲ್ಲಿಗೆ ಇತ್ಯರ್ಥ. ನಾನು ಇಷ್ಟು ವರ್ಷ ಒಬ್ಬನನ್ನು ನಿಯತ್ತಿನವನು, ಇನ್ನೊಬ್ಬನನ್ನು ಸೋಮಾರಿ ಅಂತ ಅಂದುಕೊಂಡು ಬಂದಿದ್ದೆ. ಚಾರ್ಟ್ ಮಾಡಿದ್ದು ನಮ್ಮ ಆಫೀಸೇ.

ಆಮೇಲಿಂದ ಓನರ್‌ಗಳು ಕಾಂಟ್ರಾಕ್ಟ್ ಮಾತಾಡುವ ಮುಂಚೆಯೇ ಚಾರ್ಟ್ ಕೇಳುತ್ತೇನೆ. ಪ್ಲಂಬರ್‌ಗೆ ಸ್ಲ್ಯಾಬ್ ದಿನದ ಸಾಲು ಹಾಕಿಸುತ್ತೇನೆ. ಮೊತ್ತ ಸಣ್ಣದಿರಲಿ, ಪರವಾಗಿಲ್ಲ. ಆ ದಿನ ನಿಂತು ಸ್ಲೀವ್ ತೋರಿಸಿದರೆ ಮಾತ್ರ ಬಿಡುಗಡೆ. ಟೈಲ್ಸ್‌ನವರಿಗೆ ಚದರಡಿ ಲೆಕ್ಕ, ಅವರಿಗೆ ಬಾತ್‌ರೂಮ್ ಇಳಿಜಾರು ಅಂದರೆ ಬರೀ ತಡ. ಹಾಗಾಗಿ ಬಕೆಟ್ ನೀರು ಸುರಿದು, ಅದು ಟ್ರ್ಯಾಪ್‌ಗೆ ಹೋದ ಮೇಲೆ ಕೊನೆಯ ಕಂತು. ಸೆಂಟ್ರಿಂಗ್ ಹಲಗೆ ಮೇಲೆ ಈಗ ಎರಡು ಬಣ್ಣದ ಗೆರೆ ಎಳೆಸುತ್ತೇನೆ, ಒಂದು ಇಟ್ಟಿಗೆಗೆ, ಒಂದು ಟೈಲ್ಸ್‌ಗೆ. ಆ್ಯಪ್‌ನಲ್ಲಿ ಉತ್ತರ ಇನ್ನೂ ಎರಡೇ.

ಬಗೆಹರಿಯದೆ ಉಳಿದಿರುವುದು ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ದಿನಗಟ್ಟಲೆ ಒದ್ದೆಯಾಗಿಡುವುದು. ಕಾಂಕ್ರೀಟ್ ಕೆಲಸದ ಕೋಡ್ ಐಎಸ್ 456 ಪ್ರಕಾರ ಮಾಮೂಲಿ ಸಿಮೆಂಟಿಗೆ (ಓಪಿಸಿ) ಕನಿಷ್ಠ 7 ದಿನ, ಹಾರುಬೂದಿಯಂಥದ್ದು ಬೆರೆತ ಪಿಪಿಸಿ ಆದರೆ 10. ಸ್ಲ್ಯಾಬ್ ಹಾಕಿದ್ದಕ್ಕೆ ಮೇಸ್ತ್ರಿಗೆ ದುಡ್ಡು ಬಂದಾಗಿರುತ್ತದೆ. ನೀರು ನಿಲ್ಲಿಸುವುದು ವಾಚ್‌ಮನ್ ಕೆಲಸ ಅನ್ನುತ್ತಾರೆ. ವಾಚ್‌ಮನ್ ತನ್ನದು ಕಾಯುವ ಕೆಲಸ ಮಾತ್ರ ಅನ್ನುತ್ತಾನೆ. ಅದಕ್ಕೂ ಚಾರ್ಟ್‌ನಲ್ಲಿ ಒಂದು ಸಾಲು ಬೇಕು ಅಂದರೆ ಓನರ್‌ಗಳು ನನ್ನ ಮುಖ ನೋಡುತ್ತಾರೆ: "ನೀರು ಹಾಕೋಕೂ ದುಡ್ಡಾ ಸರ್?"